ರಾತ್ರಿ ಪಾಳಿಯ ಮಸೂರ

ರಾತ್ರಿ ಒಂಬತ್ತೂವರೆ ಆಗುತ್ತಿದ್ದಂತೆ ನಮ್ಮ ಮನೆಯಲ್ಲಿ ಟಿವಿ ನಿಲ್ಲುತ್ತದೆ. ಹನ್ನೊಂದು ವರ್ಷದ ಮಗಳು ಸೋಪು ಹಚ್ಚಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಬೆರಳ ಸಂದಿಗಳನ್ನೂ ಬಿಡದೆ ಒರೆಸಿಕೊಂಡು ಕನ್ನಡಿಯ ಮುಂದೆ ಕೂರುತ್ತಾಳೆ. ಪುಟ್ಟ ಡಬ್ಬಿಯಿಂದ ಶರ್ಟಿನ ಗುಂಡಿಯಷ್ಟು ಅಗಲದ ಗಟ್ಟಿ ಮಸೂರವೊಂದನ್ನು ಬೆರಳ ತುದಿಗೆ ತೆಗೆದುಕೊಂಡು, ಇನ್ನೊಂದು ಕೈಯಿಂದ ರೆಪ್ಪೆ ಅಗಲಿಸಿ ಕಣ್ಣಿಗೆ ಕೂರಿಸುತ್ತಾಳೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹಾಗೇ ಮಲಗುತ್ತಾಳೆ. ಬೆಳಿಗ್ಗೆ ಆರಕ್ಕೆ ಎದ್ದು ಅವನ್ನು ತೆಗೆದಿಟ್ಟರೆ ದಿನವಿಡೀ ಕನ್ನಡಕ ಬೇಡ, ಕೊನೆಯ ಬೆಂಚಿನಿಂದಲೂ ಬೋರ್ಡು ಕಾಣುತ್ತದೆ.

ಇದನ್ನು ಮೊದಲ ಸಲ ನೋಡಿದ ದಿನ ನನ್ನ ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದರು. ‘ಊರಲ್ಲಿ ಎಲ್ಲರೂ ಹಗಲು ಕನ್ನಡಕ ಹಾಕ್ಕೊಂಡು ರಾತ್ರಿ ತೆಗೆದಿಟ್ಟು ಮಲಗ್ತಾರೆ. ಇವಳದು ಎಲ್ಲಾ ಉಲ್ಟಾ. ನಿಮ್ಮ ತಾತನ ನೈಟ್ ಶಿಫ್ಟ್ ಇದ್ದ ಹಾಗೆ’ ಅಂದರು.

ತಾತ, ಅಂದರೆ ನನ್ನ ಅಪ್ಪನ ಅಪ್ಪ, ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಮೂವತ್ತೈದು ವರ್ಷ ನೆಲದಡಿ ದುಡಿದವರು. ನಾನು ಚಿಕ್ಕವಳಿದ್ದಾಗ ಅವರು ನಿವೃತ್ತರಾಗಿ, ಲೈನ್ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಅಲ್ಲಿಂದಲೇ ದೂರದ ಯಾವ ಶಾಫ್ಟಿನ ಚಕ್ರ ತಿರುಗುತ್ತಿದೆ, ಯಾವುದು ನಿಂತಿದೆ ಎಂದು ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಚಕ್ರವಿರಲಿ, ಅದು ನಿಂತ ಗೋಪುರವೇ ಮಸುಕಾಗಿ ಕಾಣುತ್ತಿತ್ತು. ಆಗ ನನಗೆ ಹನ್ನೆರಡು. ಆ ವರ್ಷವೇ ನನಗೆ ಮೊದಲ ಕನ್ನಡಕ ಬಂತು, ಕಾಲೇಜಿಗೆ ಹೋಗುವ ಹೊತ್ತಿಗೆ ಸೋಡಾಬುಡ್ಡಿ ಎಂಬ ಹೆಸರೂ ಬಂತು. ತಾತನ ಶ್ವಾಸಕೋಶವನ್ನು ಗಣಿಯ ದೂಳು ತಿಂದುಹಾಕಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಕೊನೆಯವರೆಗೂ ದೂರದ್ದು ನೋಡಲು ಅವರಿಗೆ ಕನ್ನಡಕ ಬೇಕಾಗಲಿಲ್ಲ.

ಅರ್ಧ ಆಯಸ್ಸನ್ನು ಕತ್ತಲಲ್ಲಿ ಕಳೆದವರ ಕಣ್ಣು ಚೆನ್ನಾಗಿತ್ತು. ಕತ್ತಲೆ ಎಂದರೆ ಕರೆಂಟು ಹೋಗುವುದು ಎಂದಷ್ಟೇ ತಿಳಿದ ಅವರ ಮರಿಮಗಳಿಗೆ ಹತ್ತನೇ ವಯಸ್ಸಿಗೇ ಮೈನಸ್ ಎರಡೂವರೆ. ಮಗಳ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು ಈ ರಾತ್ರಿ ಮಸೂರದ ಪ್ರಸ್ತಾಪ ಮಾಡಿದಾಗ, ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಾದ್ದರಿಂದ ನನ್ನ ಅಭ್ಯಾಸದಂತೆ ಹಿಂದಕ್ಕೆ ಹೋಗಿ ನೋಡತೊಡಗಿದೆ.

ಮೊದಲು ಗಣಿಯಿಂದಲೇ ಶುರು ಮಾಡಿದೆ. ಗಣಿಯ ಕತ್ತಲೆ ಕಣ್ಣಿಗೆ ಏನೂ ಮಾಡುವುದಿಲ್ಲ ಎಂದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಸಾವಿರಾರು ಕಾರ್ಮಿಕರಿಗೆ ಒಂದು ವಿಚಿತ್ರ ಕಾಯಿಲೆ ಹಿಡಿದಿತ್ತು. ಕಣ್ಣುಗುಡ್ಡೆಗಳು ತಾವೇ ತಾವಾಗಿ ಅದುರುತ್ತಿದ್ದವು, ಮುಂದಿನ ದೀಪ ಕುಣಿದಂತೆ ಕಾಣುತ್ತಿತ್ತು, ತಲೆ ಸುತ್ತುತ್ತಿತ್ತು. ಇದಕ್ಕೆ ಗಣಿಗಾರರ ನಿಸ್ಟಾಗ್ಮಸ್ ಎಂದು ಹೆಸರಿಟ್ಟರು. ಮಲಗಿಕೊಂಡು ಓರೆಯಾಗಿ ಗುದ್ದಲಿ ಬೀಸುವುದೇ ಕಾರಣ ಎಂದು ಶೆಫೀಲ್ಡಿನ ಸಿಮಿಯನ್ ಸ್ನೆಲ್ ವಾದಿಸಿದರು. ಅಲ್ಲ, ಬೆಳಕಿನ ಕೊರತೆಯೇ ಕಾರಣ ಎಂದು 1912ರಲ್ಲಿ ಲಿಸ್ಟರ್ ಲೆವೆಲಿನ್ ತೋರಿಸಿದರು. ಕಲ್ಲಿದ್ದಲು ಗಣಿಯಲ್ಲಿ ಅನಿಲ ಹೊತ್ತಿಕೊಳ್ಳುವ ಭಯದಿಂದ ಜಾಲರಿ ಹೊದಿಸಿದ ಸುರಕ್ಷಾ ದೀಪವನ್ನೇ ಬಳಸಬೇಕಿತ್ತು, ಅದರ ಬೆಳಕು ಒಂದು ಮೇಣದ ಬತ್ತಿಗೂ ಸಮ ಬರುತ್ತಿರಲಿಲ್ಲ. ಇದ್ದ ಬೆಳಕನ್ನೂ ಕಪ್ಪು ಗೋಡೆ ನುಂಗುತ್ತಿತ್ತು. ತೆರೆದ ಜ್ವಾಲೆಯ ದೀಪ ಬಳಸಬಹುದಾದ ಲೋಹದ ಗಣಿಗಳಲ್ಲಿ ಈ ಕಾಯಿಲೆ ಅಪರೂಪ.

ನಮ್ಮದು ಲೋಹದ ಗಣಿ. ಮೊದಮೊದಲು ಮೇಣದ ಬತ್ತಿ, ಆಮೇಲೆ ಕಾರ್ಬೈಡ್ ದೀಪ, ತಾತನ ಸರ್ವಿಸ್ಸಿನ ಕೊನೆಯ ವರ್ಷಗಳಲ್ಲಿ ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುವ ದೀಪ. ಕಾರ್ಬೈಡಿನ ವಾಸನೆಯ ಬಗ್ಗೆ ತಾತ ಗೊಣಗುತ್ತಿದ್ದರು, ಬೆಳಕಿನ ಬಗ್ಗೆ ಗೊಣಗಿದ್ದು ನನಗೆ ನೆನಪಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ ಕೆಜಿಎಫ್‌ಗೆ ಹೆಮ್ಮೆಯ ಇತಿಹಾಸವೇ ಇದೆ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಗಣಿಗೆ ಬಂತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವುದು ಅಂದಿನ ಜಗತ್ತಿಗೇ ದೊಡ್ಡ ಸುದ್ದಿ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಈ ಯೋಜನೆಯ ಹಿಂದೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ನೋಡಲು ಉಳಿಯಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆದರೆ ಆ ವಿದ್ಯುತ್ತು ಬಂದದ್ದು ಗಣಿಯ ಯಂತ್ರಗಳಿಗಾಗಿ, ಆಮೇಲೆ ದೊರೆಗಳ ಬಂಗಲೆಗಳಿಗಾಗಿ. ಕೂಲಿ ಲೈನುಗಳ ತಟ್ಟಿ ಮನೆಗಳು ಬುಡ್ಡಿದೀಪದಲ್ಲೇ ಉಳಿದವು. ನಮ್ಮ ಲೈನಿಗೆ ಕರೆಂಟು ಬಂದಾಗ ಅಪ್ಪ ಹೈಸ್ಕೂಲಿನಲ್ಲಿದ್ದರಂತೆ, ಅಂದರೆ ಅರವತ್ತರ ದಶಕ. ಇದನ್ನು ಬಡತನದ ಕಥೆಯಾಗಿ ಮಾತ್ರ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಅದರೊಳಗೆ ಕಣ್ಣಿನ ಕಥೆಯೂ ಇದೆ ಎಂದು ಹೊಳೆದಿರಲಿಲ್ಲ.

ದೂರದ್ದು ಮಸುಕಾಗಿ, ಹತ್ತಿರದ್ದು ಸ್ಪಷ್ಟವಾಗಿ ಕಾಣುವುದಕ್ಕೆ ಕನ್ನಡದಲ್ಲಿ ಸಮೀಪದೃಷ್ಟಿ ಎನ್ನುತ್ತೇವೆ. ಬಹುಪಾಲು ಪ್ರಕರಣಗಳಲ್ಲಿ ಕಾರಣ ಒಂದೇ: ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ದೂರದಿಂದ ಬಂದ ಬೆಳಕು ಹಿಂಬದಿಯ ಅಕ್ಷಿಪಟಲ ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದೆ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಕನ್ನಡಕದಿಂದ ನೋಟ ಸರಿಹೋಗುತ್ತದೆ, ಕಣ್ಣಿನ ಉದ್ದ ಹಾಗೇ ಇರುತ್ತದೆ. ತೀರಾ ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟಲ ಎಳೆದಂತಾಗಿ ತೆಳುವಾಗುತ್ತದೆ, ಮುಂದೆ ಹರಿಯುವ, ಕಳಚುವ ಅಪಾಯ ಹೆಚ್ಚು. ನನ್ನದು ಮೈನಸ್ ನಾಲ್ಕೂವರೆ. ಮಗಳ ವಯಸ್ಸಿನಲ್ಲಿ ನನಗೆ ಕನ್ನಡಕವೇ ಇರಲಿಲ್ಲ. ಅವಳು ಯಾವ ಅಂಕಿಯಲ್ಲಿ ನಿಲ್ಲುತ್ತಾಳೆ ಎಂಬ ಲೆಕ್ಕ ನನಗೆ ಎಷ್ಟೋ ರಾತ್ರಿ ನಿದ್ದೆ ಕೊಟ್ಟಿಲ್ಲ.

ಕಣ್ಣು ಯಾಕೆ ಹೀಗೆ ಬೆಳೆಯುತ್ತದೆ? ಈ ಪ್ರಶ್ನೆಗೆ ಲೆಕ್ಕ ಹಿಡಿದು ಉತ್ತರ ಹುಡುಕಿದವರಲ್ಲಿ ಮೊದಲಿಗರು ಬ್ರೆಸ್ಲಾವಿನ ನೇತ್ರವೈದ್ಯ ಹರ್ಮನ್ ಕೋನ್. ಇಂದು ಪೋಲೆಂಡಿಗೆ ಸೇರಿರುವ ಆ ಊರಿನಲ್ಲಿ ಅವರು 10,060 ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿ 1867ರಲ್ಲಿ ಪ್ರಕಟಿಸಿದರು. ಹಳ್ಳಿ ಶಾಲೆಗಳಲ್ಲಿ ನೂರಕ್ಕೆ ಒಂದೂವರೆಯಷ್ಟು ಮಕ್ಕಳಿಗೂ ಸಮೀಪದೃಷ್ಟಿ ಇರಲಿಲ್ಲ, ವಿಶ್ವವಿದ್ಯಾಲಯಕ್ಕೆ ತಯಾರು ಮಾಡುವ ಜಿಮ್ನೇಸಿಯಂ ಶಾಲೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಇತ್ತು. ತರಗತಿಗೆ ದೊಡ್ಡ ಕಿಟಕಿ ಬೇಕು, ಬೆಳಕು ಬೇಕು ಎಂದು ಕೋನ್ ಜೀವನವಿಡೀ ಹೇಳಿದರು.

ಅದಾಗಿ ನೂರು ವರ್ಷಕ್ಕೆ ಅಲಾಸ್ಕಾದ ಉತ್ತರ ತುದಿಯ ಬ್ಯಾರೋದಲ್ಲಿ ಫ್ರಾನ್ಸಿಸ್ ಯಂಗ್ ಮತ್ತು ಜೊತೆಗಾರರು ಎಸ್ಕಿಮೋ ಕುಟುಂಬಗಳನ್ನು ಪರೀಕ್ಷಿಸಿ 1969ರಲ್ಲಿ ಬರೆದರು. ಹಿರಿಯ ತಲೆಮಾರಿನ 131 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಸಮೀಪದೃಷ್ಟಿ. ಶಾಲೆಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ. ಒಂದೇ ರಕ್ತ, ಎರಡು ಮೂರು ತಲೆಮಾರು. ಇಷ್ಟು ಬೇಗ ಬದಲಾಗುವುದನ್ನು ವಂಶವಾಹಿಯ ತಲೆಗೆ ಕಟ್ಟಲು ಬರುವುದಿಲ್ಲ. ಇದನ್ನು ಓದುವಾಗ ನನಗೆ ಚಾಂಪಿಯನ್ ರೀಫಿನ ನಮ್ಮದೇ ಮನೆ ಎದುರಿಗೆ ನಿಂತಂತಾಯಿತು.

ಬಹಳ ಕಾಲ ಇದರ ತಪ್ಪನ್ನೆಲ್ಲ ಪುಸ್ತಕದ ಮೇಲೆ ಹೊರಿಸಿದರು. 2008ರಲ್ಲಿ ಇನ್ನೊಂದು ಹೋಲಿಕೆ ಬಂತು: ಸಿಂಗಪುರದ ಮತ್ತು ಸಿಡ್ನಿಯ, ಚೀನೀ ಮೂಲದ ಆರೇಳು ವರ್ಷದ ಮಕ್ಕಳು. ಸಿಂಗಪುರದಲ್ಲಿ ನೂರಕ್ಕೆ 29 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಮೂರು ಚಿಲ್ಲರೆ. ಓದುವುದರಲ್ಲಿ ಸಿಡ್ನಿಯ ಮಕ್ಕಳೇನೂ ಹಿಂದಿರಲಿಲ್ಲ. ದೊಡ್ಡ ವ್ಯತ್ಯಾಸವಿದ್ದದ್ದು ಹೊರಗೆ ಕಳೆಯುವ ಹೊತ್ತಿನಲ್ಲಿ: ಸಿಡ್ನಿಯಲ್ಲಿ ವಾರಕ್ಕೆ ಸುಮಾರು ಹದಿನಾಲ್ಕು ಗಂಟೆ, ಸಿಂಗಪುರದಲ್ಲಿ ಮೂರು. ಹಗಲ ಬೆಳಕಿನಲ್ಲಿ ಅಕ್ಷಿಪಟಲ ಡೋಪಮೈನ್ ಬಿಡುತ್ತದೆ, ಅದು ಕಣ್ಣಿನ ಬೆಳವಣಿಗೆಗೆ ಲಗಾಮು ಹಾಕುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಒಂದು ಮೀಟರ್ ದೂರದ ಮೇಣದ ಬತ್ತಿಯಿಂದ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ಚೆನ್ನಾಗಿ ದೀಪ ಹಾಕಿದ ತರಗತಿಯಲ್ಲಿ ಮುನ್ನೂರೋ ಐನೂರೋ. ಹೊರಗೆ ಹೊಂಗೆ ಮರದ ನೆರಳಿನಲ್ಲಿ ಕೂತರೂ ಸಾವಿರಗಳ ಲೆಕ್ಕ, ಬಟಾಬಯಲಿನ ಬಿಸಿಲಿನಲ್ಲಿ ಲಕ್ಷ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ.

ತಾತನ ಒಗಟು ನನಗೆ ಬಿಡಿಸಿದ್ದು ಇಲ್ಲಿ. ಕಣ್ಣು ಬೆಳೆಯುವುದು ಬಾಲ್ಯದಲ್ಲಿ. ತಾತ ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ದನ ಕಾಯುತ್ತ, ರಾಗಿ ಹೊಲದಲ್ಲಿ ಹಕ್ಕಿ ಓಡಿಸುತ್ತ ಬೆಳೆದವರು. ಕೇಜಿನಲ್ಲಿ ನಿಂತು ಮೊದಲ ಸಲ ಕೆಳಗಿಳಿದಾಗ ಅವರಿಗೆ ಹದಿನೆಂಟು ದಾಟಿತ್ತು. ಕಣ್ಣು ಬೆಳೆದು ನಿಂತ ಮೇಲೆ ಗಣಿಯ ಕತ್ತಲಿಗೆ ಅದನ್ನು ಉದ್ದ ಮಾಡುವ ಅವಕಾಶವಿರಲಿಲ್ಲ. ಅಪ್ಪ ಹುಟ್ಟಿದ್ದು ಲೈನಿನಲ್ಲಿ. ಶಾಲೆ ಬಿಟ್ಟರೆ ಸೈನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಆ ಬೂದಿ ಬಣ್ಣದ ಗುಡ್ಡಗಳ ಮೇಲೆ ಜಾರಾಟ. (ಅದು ವಿಷದ ಮಣ್ಣು ಎಂದು ಯಾರೂ ಹೇಳುತ್ತಿರಲಿಲ್ಲ. ಗಾಳಿ ಬೀಸಿದರೆ ಊಟದ ತಟ್ಟೆಗೂ ಬಂದು ಬೀಳುತ್ತಿತ್ತು.) ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ಗಣಿಯ ಆಫೀಸಿನಲ್ಲಿ ಗುಮಾಸ್ತರಾದರು, ಹತ್ತೊಂಬತ್ತಕ್ಕೆ ಮೈನಸ್ ಒಂದರ ಕನ್ನಡಕ ಬಂತು. ನಮ್ಮ ವಂಶದ ಮೊದಲ ಕನ್ನಡಕ. ಅಜ್ಜಿ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದ್ದರಂತೆ, ಮಗ ಓದಿದವನು ಎಂಬುದಕ್ಕೆ ಸಾಕ್ಷಿಯಾಗಿ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನಾನಾಗ ಬಿಎ ಕೊನೆಯ ವರ್ಷ. ಅದರ ಮುಂಚೆ ಹತ್ತು ವರ್ಷ ಎಲ್ಲರ ಮನೆಯಲ್ಲೂ ಒಂದೇ ಮಾತು: ಗಣಿ ನಂಬಬೇಡಿ, ಓದಿ. ಬೀದಿಯಲ್ಲಿ ಆಡುವ ಮಕ್ಕಳನ್ನು ಒಳಗೆ ಕರೆದು ಕೂರಿಸಿದರು. ಟ್ಯೂಷನ್ ಮೇಷ್ಟ್ರುಗಳ ಮನೆಯ ಹಜಾರ ತುಂಬಿತು. ಆ ಓದೇ ನಮ್ಮನ್ನು ಉಳಿಸಿತು, ಅದರಲ್ಲಿ ನನಗೆ ಸಂಶಯವಿಲ್ಲ. ಈಗ ನಾವಿರುವುದು ಬಂಗಾರಪೇಟೆಯಲ್ಲಿ, ಕಮಿಷನರ್ ಬೌರಿಂಗನ ಹೆಸರಿನಲ್ಲಿ ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಜಂಕ್ಷನ್ ಊರಿನಲ್ಲಿ. ಮಾರಿಕುಪ್ಪಂನಿಂದ ಬರುವ ರೈಲು ಕತ್ತಲಿರುವಾಗಲೇ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ, ಕತ್ತಲಾದ ಮೇಲೆ ತಂದು ಇಳಿಸುತ್ತದೆ. ನಾನೂ ನನ್ನ ಗಂಡನೂ ಆ ರೈಲಿನವರೇ. ನಾವು ಬರುವತನಕ ಮಗು ಒಳಗಿರಲಿ ಎಂದು ಹೇಳಿ ಹೋಗುತ್ತಿದ್ದವಳು ನಾನೇ. ಶಾಲೆ, ಟ್ಯೂಷನ್, ಹೋಂವರ್ಕ್, ಕೈಯಲ್ಲಿ ಟ್ಯಾಬು. ಕೊರೊನಾದ ಎರಡು ವರ್ಷ ಬಾಗಿಲೇ ತೆರೆಯಲಿಲ್ಲ, ಅವಳು ಬೆಳೆಯುವ ವಯಸ್ಸು ಅದೇ.

ಹಾಗಾದರೆ ಈಗ ಬಿಸಿಲಿಗೆ ಕಳಿಸಿದರೆ ಆಯಿತಲ್ಲ ಎಂದು ಡಾಕ್ಟರನ್ನು ಕೇಳಿದೆ. ಕಳಿಸಿ, ಆದರೆ ಬಿಸಿಲಿನ ದೊಡ್ಡ ಲಾಭ ಸಮೀಪದೃಷ್ಟಿ ಶುರುವಾಗುವ ಮುಂಚೆ ಎಂದರು ಅವರು. ಚೀನಾದ ಗುವಾಂಗ್‌ಜೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ ನಲವತ್ತು ನಿಮಿಷ ಹೆಚ್ಚುವರಿ ಹೊರಗಿನ ಆಟ ಕೊಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಅಲ್ಲಿ ನೂರಕ್ಕೆ 30, ಹೊರಗೆ ಕಳಿಸದ ಶಾಲೆಗಳಲ್ಲಿ 39ಕ್ಕೂ ಹೆಚ್ಚು. ಬಂದುಬಿಟ್ಟ ಮೇಲೆ ಅದರ ಓಟ ತಡೆಯಲು ಬಿಸಿಲಿಗೆ ಅಷ್ಟು ಬಲವಿಲ್ಲ. ಉಳಿದದ್ದು ಅಟ್ರೋಪಿನ್ ಹನಿ, ವಿಶೇಷ ಕನ್ನಡಕ, ಇಲ್ಲವೇ ಈ ರಾತ್ರಿ ಮಸೂರ.

ರಾತ್ರಿ ಮಸೂರಕ್ಕೆ ವೈದ್ಯರು ಆರ್ಥೋಕೆರಟಾಲಜಿ ಎನ್ನುತ್ತಾರೆ, ಬಾಯಿಮಾತಿನಲ್ಲಿ ಆರ್ಥೋ-ಕೆ. ಅದರ ಬೇರು ಹುಡುಕಿದರೆ 1888ರ ಪ್ಯಾರಿಸ್‌ಗೆ ಹೋಗಬೇಕು. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಕೋನ್ ಐಸ್‌ಕ್ರೀಮಿನ ತುದಿಯಂತೆ ಮೊನಚಾಗುವ ಕಾಯಿಲೆಯವರಿಗೆ ಯೂಜೀನ್ ಕಾಲ್ಟ್ ಎಂಬ ವೈದ್ಯ ಗಾಜಿನ ಚಿಪ್ಪು ಕೂರಿಸಿ ಅದನ್ನು ಒತ್ತಿ ಚಪ್ಪಟೆ ಮಾಡಲು ನೋಡಿದ. ಅದೇ ಹೊತ್ತಿಗೆ ಜ್ಯೂರಿಕ್‌ನ ಅಡಾಲ್ಫ್ ಫಿಕ್ ನೋಟ ಸರಿಪಡಿಸುವ ಗಾಜಿನ ಮಸೂರವನ್ನು ಮೊದಲು ಮೊಲದ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿದ. ಮರುವರ್ಷ ಆಗಸ್ಟ್ ಮುಲ್ಲರ್ ಎಂಬ ವಿದ್ಯಾರ್ಥಿ ತನ್ನ ಮೈನಸ್ ಹದಿನಾಲ್ಕರ ಕಣ್ಣಿಗೆ ತಾನೇ ಗಾಜು ಮಾಡಿಸಿಕೊಂಡ. ಕೊಕೇನ್ ಹನಿ ಹಾಕಿ ಮರಗಟ್ಟಿಸಿದರೂ ಅರ್ಧ ಗಂಟೆಗಿಂತ ಹೆಚ್ಚು ತಡೆಯಲಾಗುತ್ತಿರಲಿಲ್ಲ. ಕೊನೆಗೆ ಅವನು ಕಣ್ಣಿನ ಸಹವಾಸ ಬಿಟ್ಟು ಮೂಳೆ ವೈದ್ಯನಾದ.

ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಗಟ್ಟಿ ಮಸೂರ ಹಾಕುವ ಕೆಲವರ ನಂಬರು ತಾನಾಗಿ ಇಳಿಯುವುದನ್ನು ವೈದ್ಯರು ಗಮನಿಸಿದ್ದರು. 1962ರಲ್ಲಿ ಶಿಕಾಗೋದ ಜಾರ್ಜ್ ಜೆಸ್ಸೆನ್ ಇದನ್ನೇ ಉಪಾಯವಾಗಿ ಮುಂದಿಟ್ಟ. ಬೇಕೆಂದೇ ಕಾರ್ನಿಯಾಕ್ಕಿಂತ ಚಪ್ಪಟೆಯಾದ ಮಸೂರ ಹಾಕುವುದು, ಅದನ್ನು ತೆಗೆದ ಮೇಲೆ ಕಾರ್ನಿಯಾ ಸ್ವಲ್ಪ ಹೊತ್ತು ಚಪ್ಪಟೆಯಾಗಿಯೇ ಉಳಿಯುತ್ತದೆ. ಉಪಾಯ ಒಳ್ಳೆಯದೇ, ಆದರೆ ಮಸೂರ ಕಣ್ಣಿನ ಮೇಲೆ ಜಾರುತ್ತಿತ್ತು, ಒತ್ತು ಓರೆಯಾಗಿ ಬಿದ್ದು ಹೊಸ ದೋಷ ಹುಟ್ಟುತ್ತಿತ್ತು. ಇಪ್ಪತ್ತು ವರ್ಷ ಪರೀಕ್ಷೆಗಳಾದವು, ಯಾರಿಗೆ ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳಲು ಯಾರಿಗೂ ಆಗಲಿಲ್ಲ. ಇದನ್ನು ಮಾಟಮಂತ್ರದ ಸಾಲಿಗೆ ಸೇರಿಸಿದ ವೈದ್ಯರೂ ಇದ್ದರು.

ಮತ್ತೆ ಜೀವ ಬಂದದ್ದು ಎರಡು ಕಾರಣಕ್ಕೆ. ಒಂದು, 1989ರ ಹೊತ್ತಿಗೆ ವ್ಲೋಡಿಗಾ ಮತ್ತು ಸ್ಟೋಯನ್ ಎಂಬಿಬ್ಬರು ನಡುವೆ ಚಪ್ಪಟೆ, ಅದರ ಸುತ್ತ ಕಡಿದಾದ ಉಂಗುರವಿರುವ ಮಸೂರ ರೂಪಿಸಿದರು. ಇದು ಜಾರದೆ ನಟ್ಟನಡುವೆ ಕೂರುತ್ತದೆ. ಎರಡು, ಗಾಳಿ ಹಾಯುವ ಪ್ಲಾಸ್ಟಿಕ್. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಅದು ಉಸಿರಾಡುವುದು ನೇರ ಗಾಳಿಯಿಂದ. ಕಣ್ಣು ಮುಚ್ಚಿದಾಗ ಆ ಉಸಿರೂ ಕಡಿಮೆ. ಹಳೆಯ ಪ್ಲಾಸ್ಟಿಕ್ ಹಾಕಿಕೊಂಡು ಮಲಗಿದರೆ ಕಾರ್ನಿಯಾ ಉಸಿರುಕಟ್ಟಿ ಊದಿಕೊಳ್ಳುತ್ತಿತ್ತು. ಆಮ್ಲಜನಕ ಬಿಡುವ ವಸ್ತು ಬಂದ ಮೇಲೆಯೇ ರಾತ್ರಿ ಹಾಕುವ ಮಾತು. ಅಮೆರಿಕದ ಎಫ್‌ಡಿಎ ರಾತ್ರಿ ಬಳಕೆಗೆ ಒಪ್ಪಿಗೆ ಕೊಟ್ಟದ್ದು 2002ರ ಜೂನ್‌ನಲ್ಲಿ. ಶಿವನಸಮುದ್ರದ ದೀಪಕ್ಕೆ ಸರಿಯಾಗಿ ನೂರು ವರ್ಷ. ಇದು ಬರೀ ಕಾಕತಾಳೀಯ, ಆದರೂ ಇತಿಹಾಸದ ಮೇಷ್ಟ್ರಿಗೆ ಇಂಥದು ಕಂಡರೆ ಬಿಡಲಾಗುವುದಿಲ್ಲ.

ಕಾರ್ನಿಯಾದ ಒಟ್ಟು ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಮೇಲ್ಪದರ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಮಸೂರ ಬದಲಿಸುವುದು ಮುಖ್ಯವಾಗಿ ಈ ಮೇಲ್ಪದರವನ್ನು. ಹಸಿ ಗಾರೆಯ ಮೇಲೆ ಕರಣೆ ಆಡಿಸಿದಂತೆ ನಡುವೆ ತೆಳುವಾಗುತ್ತದೆ, ಸುತ್ತ ದಪ್ಪವಾಗುತ್ತದೆ. ಒತ್ತುವುದು ಮಸೂರವಲ್ಲ, ಮಸೂರದಡಿ ಸಿಕ್ಕಿದ ಕಣ್ಣೀರಿನ ತೆಳು ಪದರ. ಕೂದಲೆಳೆಯ ಕಾಲು ಭಾಗದಷ್ಟು ಸಹ ತೆಳುವಾಗದ ಈ ವ್ಯತ್ಯಾಸದಿಂದ ಎರಡು ಮೂರು ನಂಬರು ಅಳಿಸಿಹೋಗುತ್ತದೆ. ಮಸೂರ ಬಿಟ್ಟರೆ ಮೇಲ್ಪದರ ಹಳೆಯ ಆಕಾರಕ್ಕೆ ಮರಳುತ್ತದೆ. ಹಾಗಾಗಿ ಇದು ವಾಸಿ ಮಾಡುವುದಿಲ್ಲ, ಪ್ರತಿ ರಾತ್ರಿ ಹೊಸದಾಗಿ ಮಾಡಬೇಕಾದ ಕೆಲಸ.

ಇಷ್ಟೇ ಆಗಿದ್ದರೆ ನಾನು ಕನ್ನಡಕವೇ ಸಾಕು ಎನ್ನುತ್ತಿದ್ದೆ. ಒಪ್ಪಿಸಿದ್ದು ಹಾಂಗ್‌ಕಾಂಗಿನ ಪಾಲಿನ್ ಚೋ ಮತ್ತು ಜೊತೆಗಾರರ ಅಧ್ಯಯನ. ಆರರಿಂದ ಹತ್ತು ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕನ್ನಡಕ, ಇನ್ನೊಂದಕ್ಕೆ ರಾತ್ರಿ ಮಸೂರ ಕೊಟ್ಟು ಎರಡು ವರ್ಷ ಕಣ್ಣಿನ ಉದ್ದ ಅಳೆದರು. ಕನ್ನಡಕದವರಲ್ಲಿ ಸರಾಸರಿ 0.63 ಮಿಲಿಮೀಟರ್ ಬೆಳೆದಿತ್ತು, ಮಸೂರದವರಲ್ಲಿ 0.36. ಅಂದರೆ ಕಣ್ಣು ಉದ್ದವಾಗುವ ವೇಗ ನೂರಕ್ಕೆ 43ರಷ್ಟು ತಗ್ಗಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಅಕ್ಷಿಪಟಲದ ಅಂಚುಗಳ ಮೇಲೆ ಬೆಳಕು ಬೀಳುವ ರೀತಿ ಬದಲಾಗಿ, ಹಿಂದಕ್ಕೆ ಬೆಳೆಯಬೇಕೆಂಬ ಒತ್ತಾಯ ಕಡಿಮೆಯಾಗುತ್ತದೆ ಎನ್ನುತ್ತಾರೆ.

ಇನ್ನೊಂದು ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಟ್ಟುಕೊಂಡೆ. 2001ರ ಆಸುಪಾಸಿನಲ್ಲಿ ಚೀನಾ, ಹಾಂಗ್‌ಕಾಂಗ್, ತೈವಾನ್‌ಗಳಿಂದ ಮಕ್ಕಳ ಕಾರ್ನಿಯಾ ಹುಣ್ಣಾದ ವರದಿಗಳು ಸಾಲಾಗಿ ಬಂದವು. ಪ್ರಕಟವಾದ ಪ್ರಕರಣಗಳಲ್ಲಿ ಮೂರನೇ ಒಂದರಷ್ಟಕ್ಕೆ ಕಾರಣ ಅಕಾಂತಮೀಬ, ಸಾಮಾನ್ಯ ನಲ್ಲಿ ನೀರಿನಲ್ಲಿ, ಮಣ್ಣಿನಲ್ಲಿ ಇರುವ ಏಕಕೋಶ ಜೀವಿ. ಕುಡಿದರೆ ಏನೂ ಮಾಡದು, ಮಸೂರದಡಿ ಸೇರಿದರೆ ಕಣ್ಣನ್ನೇ ತೆಗೆಯಬಹುದು. 2013ರಲ್ಲಿ ಅಮೆರಿಕದಲ್ಲಿ ಹಾಕಿದ ಲೆಕ್ಕದಂತೆ ಹತ್ತು ಸಾವಿರ ಮಕ್ಕಳು ಒಂದು ವರ್ಷ ರಾತ್ರಿ ಮಸೂರ ಹಾಕಿದರೆ ಸುಮಾರು ಹದಿನಾಲ್ಕು ಮಂದಿಗೆ ಸೋಂಕು. ಸಣ್ಣ ಅಂಕಿ. ಆ ಹದಿನಾಲ್ಕರಲ್ಲಿ ನಿಮ್ಮ ಮಗು ಇಲ್ಲದಿದ್ದರೆ ಸಣ್ಣ ಅಂಕಿ. ಮಸೂರದ ಜೊತೆ ಕೊಟ್ಟ ಚೀಟಿಯಲ್ಲಿ ಕೆಂಪಕ್ಷರದ ಮೊದಲ ಸಾಲೇ ಮಸೂರಕ್ಕೂ ಡಬ್ಬಿಗೂ ನೀರು ತಾಗಿಸಬೇಡಿ ಎಂದು.

ಕೋಲಾರದವರಿಗೆ ಈ ಸಾಲು ಓದಿದರೆ ನಗು ಬರಬೇಕು. ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಗಣಿಯ ನೀರು ಬೇತಮಂಗಲದ ಕೆರೆಯಿಂದ ಬರುತ್ತಿತ್ತು. ಲೈನಿನ ಒಂದು ನಲ್ಲಿಗೆ ಬೆಳಗಿನ ಜಾವ ನಾಲ್ಕಕ್ಕೆ ಬಿಂದಿಗೆ ಸಾಲು ಇಡುತ್ತಿದ್ದವರು ನನ್ನ ಅಮ್ಮ. ಈಗ ಸಾವಿರ ಅಡಿಯ ಬೋರ್‌ವೆಲ್‌ನ ಸವಳು ನೀರು, ಅದೂ ಇಲ್ಲದಾಗ ಟ್ಯಾಂಕರ್. ನೀರು ಕಂಡರೆ ಕೈ ಮುಗಿಯುವ ಮನೆಯಲ್ಲಿ ನೀರನ್ನು ಶತ್ರುವಿನಂತೆ ಕಾಣಬೇಕು.

ಕಳೆದ ಬೇಸಗೆಯಲ್ಲಿ ಒಂದು ಶುಕ್ರವಾರ, ನಾನು ರೈಲಿನಲ್ಲಿದ್ದಾಗ, ಮೇಜಿನ ಮೇಲೆ ಡಬ್ಬಿಯೊಳಗೆ ಏನೋ ಲೋಳೆಯಂತೆ ಕಂಡಿದೆ ಎಂದು ಅಮ್ಮ ಅದನ್ನು ಮಸೂರದ ಸಮೇತ ಡ್ರಮ್ಮಿನ ನೀರಿನಲ್ಲಿ ಚೆನ್ನಾಗಿ ತೊಳೆದಿಟ್ಟರು. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೆಂದು ಅವರಿಗೆ ಅನಿಸಿರಲಿಲ್ಲ. ಭಾನುವಾರ ಸಂಜೆ ಮಗಳ ಎಡಗಣ್ಣು ಕೆಂಪಾಯಿತು, ರಾತ್ರಿ ನೋವು, ಟ್ಯೂಬ್‌ಲೈಟ್ ನೋಡಲಾರಳು. ಮಸೂರ ಹಾಕಿಸಲಿಲ್ಲ. ಸೋಮವಾರ ಮೊದಲ ರೈಲಿಗೆ ಹೊರಟೆವು. ಅವಳು ತಲೆಗೆ ನನ್ನ ಸೆರಗು ಮುಚ್ಚಿಕೊಂಡು ತೊಡೆಯ ಮೇಲೆ ಮಲಗಿದ್ದಳು. ಡಾಕ್ಟರು ಕಾರ್ನಿಯಾದ ಮೇಲಿನ ಗೀರಿನಿಂದ ಚೂರು ಕೆರೆದು ಲ್ಯಾಬಿಗೆ ಕಳಿಸಿ, ಗಂಟೆಗೊಮ್ಮೆ ಹಾಕುವ ಹನಿ ಕೊಟ್ಟರು. ರಿಪೋರ್ಟು ಬರಲು ಐದು ದಿನ. ಆ ಐದು ದಿನದಲ್ಲಿ ನಾನು ಅಮ್ಮನ ಜೊತೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಮ್ಮ ಒಂದೇ ಮಾತು ಹೇಳಿದರು: ‘ನೀರಲ್ಲಿ ತೊಳೆದರೆ ಶುದ್ಧ ಅಂತ ಅಲ್ವೇನಮ್ಮಾ ನಾವು ಕಲ್ತಿದ್ದು?’

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಗೀರು ಮಾಯಿತು, ಕಲೆ ಉಳಿಯಲಿಲ್ಲ. ಆದರೆ ಮೂರು ವಾರ ಮಸೂರವಿಲ್ಲ. ಮೂರನೇ ದಿನಕ್ಕೆ ಕ್ಯಾಲೆಂಡರಿನ ಅಂಕಿಗಳು ಅವಳಿಗೆ ಕಲಸಿಕೊಂಡವು, ಎರಡನೇ ವಾರಕ್ಕೆ ಹಳೆಯ ಮೈನಸ್ ಎರಡೂವರೆ ಪೂರ್ತಿ ಮರಳಿ ಬಂದು ಹಳೆಯ ಕನ್ನಡಕ ಪೆಟ್ಟಿಗೆಯಿಂದ ಹೊರಬಂತು. ಪುಸ್ತಕದಲ್ಲಿ ಓದಿದ್ದನ್ನು ಮನೆಯಲ್ಲೇ ನೋಡಿದಂತಾಯಿತು. ಇಷ್ಟಾದ ಮೇಲೆ ಮತ್ತೆ ಶುರು ಮಾಡುವುದೇ ಬೇಡ ಎಂದು ನಾನು. ತಾನೇ ನೋಡಿಕೊಳ್ಳುತ್ತೇನೆ, ಯಾರೂ ಮುಟ್ಟಬೇಡಿ ಎಂದು ಮಗಳು. ಕೊನೆಗೆ ಡಾಕ್ಟರು ಯಂತ್ರದಲ್ಲಿ ಅಳೆದ ಅಂಕಿಗಳನ್ನು ಕಾಗದದ ಮೇಲೆ ಬರೆದು ತೋರಿಸಿದರು. ಮಸೂರಕ್ಕೆ ಮುಂಚಿನ ವರ್ಷ ಅವಳ ಕಣ್ಣು 0.41 ಮಿಲಿಮೀಟರ್ ಉದ್ದವಾಗಿತ್ತು, ಮಸೂರ ಹಾಕಿದ ವರ್ಷ 0.17. ಒಂದು ಮಗುವಿನ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ, ವಯಸ್ಸಾದಂತೆ ವೇಗ ತಾನೂ ಇಳಿಯುತ್ತದೆ ಎಂದು ಅವರೇ ಹೇಳಿದರು. ಹೊಸ ಡಬ್ಬಿ, ಹೊಸ ಜೊತೆ ಮಸೂರ ತಂದೆವು, ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ.

ಡಬ್ಬಿ ಈಗ ಅಮ್ಮನ ಕೈಗೆಟುಕದ ಮೇಲಿನ ಶೆಲ್ಫಿನಲ್ಲಿದೆ. ಅಮ್ಮ ಅದರ ಹತ್ತಿರ ಹೋಗುವುದಿಲ್ಲ, ಆದರೆ ಒಂಬತ್ತೂವರೆಗೆ ಬಂದು ಬಾಗಿಲಲ್ಲಿ ನಿಂತು, ‘ಕೈ ಒಣಗಿದ್ಯಾ ನೋಡ್ಕೋ’ ಎನ್ನುತ್ತಾರೆ. ಸಂಜೆ ನಾಲ್ಕರಿಂದ ಆರರವರೆಗೆ ಟ್ಯೂಷನ್ ಬಿಡಿಸಿ ಅವಳನ್ನು ರೈಲ್ವೆ ಮೈದಾನಕ್ಕೆ ಕರೆದುಕೊಂಡು ಹೋಗುವವರೂ ಅಮ್ಮನೇ. ಅಕ್ಕಪಕ್ಕದ ಮನೆಯ ಎರಡನೇ, ಮೂರನೇ ಕ್ಲಾಸಿನ ನಾಲ್ಕು ಮಕ್ಕಳೂ ಜೊತೆಗೆ. ಅವರಲ್ಲಿ ಯಾರಿಗೂ ಇನ್ನೂ ಕನ್ನಡಕ ಬಂದಿಲ್ಲ. ಬಿಸಿಲಲ್ಲಿ ಮಕ್ಕಳು ಕಪ್ಪಾಗುತ್ತಾರೆ ಎಂದು ಒಬ್ಬ ತಾಯಿ ಆಕ್ಷೇಪಿಸಿದ್ದಕ್ಕೆ ಅಮ್ಮ ಕೊಟ್ಟ ಉತ್ತರ ಕೇಳಿ ಆ ತಾಯಿ ಮಾರನೇ ದಿನದಿಂದ ತಾನೇ ಕಳಿಸುತ್ತಿದ್ದಾಳೆ.

ಮುಂದಿನ ಅಳತೆ ದಸರಾ ರಜೆಯಲ್ಲಿ. ಮತ್ತೆ ಮೊದಲ ರೈಲಿಗೇ ಹೋಗಬೇಕು. ಕಿಟಕಿ ಪಕ್ಕದ ಸೀಟು ತನಗೇ ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ.